ಬುಟ್ಟಿಯಲ್ಲಿದ್ದ ಫೋನು

ಈ ವರ್ಷದ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ, ಛತ್ರಪತಿ ಸಂಭಾಜಿನಗರದಲ್ಲಿರುವ ನನ್ನ ಅಣ್ಣನ ಮನೆಯಲ್ಲಿ, ನನ್ನ ಮಗಳು ದೇವರ ಕೋಣೆಯ ಬಾಗಿಲಲ್ಲಿ ಕುಸಿದು ಬಿದ್ದಳು. ಅವಳಿಗೆ ಹದಿನೇಳು ವರ್ಷ. ಬೀಳುವ ಮೊದಲೇ ಎಚ್ಚರಿಸಬೇಕಾಗಿದ್ದ ಅವಳ ಫೋನು ಪಡಸಾಲೆಯಲ್ಲಿ, ಚಪ್ಪಲಿ ಗೂಡಿನ ಮೇಲಿನ ಬೆತ್ತದ ಬುಟ್ಟಿಯಲ್ಲಿತ್ತು. ಅದರಲ್ಲಿ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ನಾನು ಅಲ್ಲಿರಲಿಲ್ಲ. ನಾಸಿಕ್‌ನಿಂದ ಆಚೆಗಿರುವ ದಿಂಡೋರಿಯ ಬ್ಯಾಂಕ್ ಶಾಖೆಯಲ್ಲಿ ಕೆಲಸದ ಮೇಲಿದ್ದೆ. ಆ ಬೆಳಗಿನ ಬಗ್ಗೆ ಇಲ್ಲಿ ಬರೆದಿರುವುದು ಮಗಳು, ಅತ್ತಿಗೆ ಮತ್ತು ಅಣ್ಣ ನನಗೆ ಬೇರೆ ಬೇರೆಯಾಗಿ ಹೇಳಿದ್ದು. ಮೂವರೂ ಒಪ್ಪಿದ್ದನ್ನು ನೇರವಾಗಿ ಬರೆದಿದ್ದೇನೆ. ಒಪ್ಪದ ಕಡೆ ಯಾರ ಮಾತು ಎಂದು ಹೇಳಿದ್ದೇನೆ.

ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನವೂ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಬಗೆಯದು. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ಹಾಗೆ ಇಳಿದಾಗ ಹೆಚ್ಚಿನವರಿಗೆ ಬೆವರು, ನಡುಕ ಬಂದು ಗೊತ್ತಾಗುತ್ತದೆ. ಇವಳಿಗೆ ಒಂದೆರಡು ವರ್ಷಗಳಿಂದ ಆ ಸೂಚನೆಗಳು ಬರುವುದು ನಿಂತಿತ್ತು. ಆದ್ದರಿಂದ ನಾಸಿಕ್‌ನ ವೈದ್ಯರು ಈ ಬೇಸಿಗೆಯಲ್ಲಿ ತೋಳಿನ ಹಿಂಭಾಗಕ್ಕೆ ಅಂಟಿಸುವ ಒಂದು ಸೆನ್ಸರ್ ಹಾಕಿಸಿದರು. ಅದು ಸಕ್ಕರೆಯ ಅಂಕಿಯನ್ನು ಸದಾ ಅವಳ ಫೋನಿಗೆ ಕಳಿಸುತ್ತದೆ, ಅವಳ ಫೋನು ಅದನ್ನು ನನ್ನ ಫೋನಿಗೆ ಕಳಿಸುತ್ತದೆ. ಅಂಕಿ ತೀರಾ ಇಳಿದರೆ ಎರಡೂ ಫೋನುಗಳು ಅಲಾರಂ ಬಾರಿಸುತ್ತವೆ. ಅವಳ ಫೋನು ಸತ್ತರೆ ಯಾವುದೂ ಬಾರಿಸುವುದಿಲ್ಲ.

ಇಷ್ಟನ್ನು ಅಣ್ಣನಿಗೆ ನಾನು ಹೇಳಿದ್ದೆ. ಹೇಳಿದ್ದನ್ನು ಅವನೂ ಒಪ್ಪುತ್ತಾನೆ.

ನಾವು ಬೀದರ್ ಜಿಲ್ಲೆಯವರು. ಅಣ್ಣ ಚಿಕ್ಕ ವಯಸ್ಸಿನಲ್ಲೇ ಕೆಲಸ ಹುಡುಕಿಕೊಂಡು ಸಂಭಾಜಿನಗರಕ್ಕೆ ಬಂದವನು. ಈಗ ಬಿಡಕಿನ್‌ನ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಮೇಲ್ವಿಚಾರಕ. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕ್‌ಗೆ ಬಂದೆ. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ, ಈಗ ದೂರದ ಊರಿನಲ್ಲಿ. ಮಗಳು ಓದಿ ಬೆಳೆದದ್ದು ನಾಸಿಕ್‌ನಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮೊದಲು ಬರುವುದು ಮರಾಠಿ.

ಕಳೆದ ವರ್ಷ ಅವಳಿಗೆ ಸಂಭಾಜಿನಗರದ ಒಂದು ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿತು. ಕಾಲೇಜಿನ ಹತ್ತಿರ ಹುಡುಗಿಯರ ಹಾಸ್ಟೆಲ್ ನೋಡಿಕೊಂಡು, ಹಿಂದಿರುಗುವ ದಾರಿಯಲ್ಲಿ ಅಣ್ಣನ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವನು ಚಹಾದ ಬಸಿ ಕೆಳಗಿಟ್ಟ.

"ಮಾಮಾನ ಮನಿ ಊರಾಗ ಇದ್ದಾಗ ಪೋರಿ ಹಾಸ್ಟೆಲ್ನಾಗ ಇರ್ತಾಳಾ? ನಮ್ಮ ಮಂದಿಗಿ ನಾ ಏನಂತ ಮಾರಿ ತೋರಸ್ಲಿ?"

"ಮಂದಿ ಮಾತ್ ಬಿಡು ಅಣ್ಣಾ. ಆಕಿ ಊಟದ ಹೊತ್ತು, ಸೂಜಿ ಹೊತ್ತು ಎಲ್ಲಾ ಬ್ಯಾರೆ ಅದ. ನಿಮಗ ತ್ರಾಸ ಆಗ್ತದ."

"ತ್ರಾಸ ಅಂತ ನಾ ಅಂದೀನೇನು? ನೀನ ಅನ್ಲಕತ್ತಿದಿ."

ಮಗಳು ಅವನ ಮನೆಯಲ್ಲೇ ಉಳಿದಳು.

ಆ ಮನೆಗೆ ನಿಯಮಗಳಿದ್ದವು. ಊಟಕ್ಕೆ ಕೂರುವ ಮುಂಚೆ ಮತ್ತು ಪೂಜೆಗೆ ಕೂರುವ ಮುಂಚೆ ಎಲ್ಲರ ಫೋನೂ ಶಬ್ದ ಬಂದ್ ಆಗಿ ಚಪ್ಪಲಿ ಗೂಡಿನ ಮೇಲಿನ ಬುಟ್ಟಿಗೆ ಹೋಗಬೇಕು. ಸೆನ್ಸರ್ ಬಂದ ಮೇಲೆ ಮಗಳ ಅಲಾರಂ ಮಾತ್ರ ಈ ನಿಯಮಕ್ಕೆ ಹೊರತಾಯಿತು. ಶಬ್ದ ಬಂದ್ ಮಾಡಿದರೂ ಆ ಆ್ಯಪ್ ಕೂಗುವಂತೆ ಮಾಡಿಕೊಟ್ಟಿದ್ದೆ. ಫೋನು ಮಲಗುವ ಕೋಣೆಗೆ ಬರಕೂಡದು, ರಾತ್ರಿ ಪಡಸಾಲೆಯಲ್ಲೇ ಚಾರ್ಜಿಗೆ ಇರಬೇಕು. ಗೋಡೆ ಒಂದೇ ಆದ್ದರಿಂದ ಅಲಾರಂ ಕೇಳಿಸುತ್ತದೆಂದು ನಾನೂ ಒಪ್ಪಿದೆ.

ಸೆನ್ಸರ್ ಹಾಕಿಸಿದ ಮೇಲೆ ಈ ವರ್ಷದ ಕಾಲೇಜು ಶುರುವಾಯಿತು. ಆಗಿನಿಂದಲೇ ಬ್ಯಾಟರಿಯ ತಕರಾರು ಬಂತು. ಬೆಳಿಗ್ಗೆ ಚಾರ್ಜಿನಿಂದ ತೆಗೆದ ಫೋನು ಕಾಲೇಜು ಮುಟ್ಟುವಷ್ಟರಲ್ಲಿ ಕೆಂಪು ತೋರಿಸುತ್ತಿತ್ತು, ಕೆಲವು ದಿನ ಮಧ್ಯಾಹ್ನದ ಊಟಕ್ಕೂ ಮೊದಲೇ ಸತ್ತಿರುತ್ತಿತ್ತು. ನನ್ನ ಫೋನಿನಲ್ಲಿ ಅವಳ ಸಕ್ಕರೆಯ ಗೆರೆ ಒಂದು ಹಂತಕ್ಕೆ ಬಂದು ತಟ್ಟನೆ ನಿಲ್ಲುತ್ತಿತ್ತು. ಮೊದಮೊದಲು ಗೆರೆ ನಿಂತ ಕೂಡಲೇ ನಾನು ಅವಳ ಗೆಳತಿಯರಿಗೆ ಫೋನು ಮಾಡುತ್ತಿದ್ದೆ. "ಆಂಟಿ, ಬ್ಯಾಟರಿ ಗೇಲೀ, ತೀ ಠೀಕ್ ಆಹೇ" ಎಂಬ ಉತ್ತರ ಬರುತ್ತಿತ್ತು. ಬ್ಯಾಟರಿ ಹೋಗಿದೆ, ಅವಳು ಚೆನ್ನಾಗಿದ್ದಾಳೆ. ಜುಲೈ ಹೊತ್ತಿಗೆ ಖಾಲಿ ಗೆರೆ ಎಂದರೆ ಬ್ಯಾಟರಿ ಎಂದೇ ಆಗಿಹೋಗಿತ್ತು.

ಅಣ್ಣನಿಗೆ ಕಾರಣ ಮೊದಲ ದಿನವೇ ಗೊತ್ತಿತ್ತು.

"ಬ್ಯಾಟರಿ ಹೆಂಗ ಉಳೀತದ? ದಿನಾ ಎಲ್ಲಾ ರೀಲ್ಸ್ ನೋಡ್ಲಕತ್ತಾಳ. ಮ್ಯಾಲ ಸಕ್ರಿ ಅಂತ ಒಂದು ನೆವ."

ಇದು ಒಂದು ಭಾನುವಾರ, ನಾನು ಅಲ್ಲಿಗೆ ಹೋದಾಗ, ಊಟದ ತಾಟಿನ ಮುಂದೆ ಆದ ಮಾತು.

"ಸಕ್ರಿ ನೆವ ಅಲ್ಲ ಅಣ್ಣಾ."

"ಅಪ್ಪಗೂ ಸಕ್ರಿ ಇತ್ತು. ಯಾವ ಫೋನ್ ಕಟಗೊಂಡು ಅಡ್ಡಾಡ್ತಿದ್ದ? ಹಾಗಲಕಾಯಿ ರಸ ಕುಡದು ಆರಾಮ ಇದ್ದ."

"ಅಪ್ಪಂದು ಬ್ಯಾರೆ ಸಕ್ರಿ. ಎಷ್ಟ್ ಸಲ ಹೇಳಬೇಕು?"

"ಇನ್ನೊಂದು ಸಲ ಹೇಳು. ನಿನ್ನಷ್ಟು ಶಾಣ್ಯಾ ಅಲ್ಲಲ್ಲ ನಾ."

ಮಗಳು ತಲೆ ಎತ್ತಿದಳು. "ಮಾಮಾ, ಮೀ ರೀಲ್ಸ್ ಪಾಹತ್ ನಾಹೀ."

"ಕನ್ನಡದಾಗ ಹೇಳು."

"ನಾನು ರೀಲ್ಸ್ ನೋಡಲ್ಲ."

"ನೋಡಲ್ಲ ಅಂತ! ಟೀವಿ ನೋಡಿ ಬೆಂಗಳೂರಾಕಿ ಆಗ್ಯಾಳ." ಅವನು ನಕ್ಕ. ಅತ್ತಿಗೆ ನಗಲಿಲ್ಲ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಮಗಳ ಕೈಯಾಗ ಫೋನ್ ಕೊಟ್ಟು ತಾಯಿ ನಾಸಿಕ್ನಾಗ ಕುಂತರ ಹಿಂಗ ಆಗ್ತದ ನೋಡ್ರಿ ತಂಗಿ" ಅಂದರು.

ಆಷಾಢದಲ್ಲಿ ರಜೆಗೆ ನಾಸಿಕ್‌ಗೆ ಬಂದವಳನ್ನು ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಸೆಟ್ಟಿಂಗ್ ತೆಗೆದು, ಬ್ಯಾಟರಿಯನ್ನು ಯಾವ ಯಾವ ಆ್ಯಪ್ ತಿನ್ನುತ್ತಿವೆ ಎಂದು ತೋರಿಸಿದ. ಎಲ್ಲಕ್ಕಿಂತ ಮೇಲೆ ಸೆನ್ಸರಿನ ಆ್ಯಪ್. ರೀಲ್ಸ್ ತುಂಬಾ ಕೆಳಗಿತ್ತು, ಇರಲೇ ಇಲ್ಲ ಎಂದು ಹೇಳಲಾರೆ. "ಇದನ್ನ ತೆಗೆದುಹಾಕಿ ಮ್ಯಾಡಮ್, ಎರಡು ದಿನ ಬರುತ್ತೆ ನಿಮ್ಮ ಬ್ಯಾಟರಿ" ಎಂದು ಹಿಂದಿಯಲ್ಲಿ ಹೇಳಿದ. ಮಗಳು ಕುರ್ತಾದ ತೋಳು ಮೇಲಕ್ಕೆ ಸರಿಸಿ ಸೆನ್ಸರ್ ತೋರಿಸಿದಳು. ಅವನು ಹೊಸ ಬ್ಯಾಟರಿ ಹಾಕಿಕೊಟ್ಟ.

ಆ ರಾತ್ರಿ ಸೆನ್ಸರಿನ ಜೊತೆ ಬಂದಿದ್ದ ಕೈಪಿಡಿಯನ್ನು ಮತ್ತೆ ಓದಿದೆ. ಫೋನಿನಲ್ಲಿ ಬ್ಯಾಟರಿ ಸೇವರ್ ಎಂಬ ಸೌಲಭ್ಯವಿರುತ್ತದೆ. ಅದನ್ನು ಆನ್ ಮಾಡಿದರೆ ಫೋನು ತೆರೆಮರೆಯ ಕೆಲಸಗಳನ್ನು ನಿಲ್ಲಿಸಿ ಬ್ಯಾಟರಿ ಉಳಿಸುತ್ತದೆ. ಸಕ್ಕರೆಯ ಆ್ಯಪ್ ಕೂಡ ತೆರೆಮರೆಯಲ್ಲೇ ನಡೆಯುವಂಥದ್ದು. ಆದ್ದರಿಂದ ಈ ಫೋನಿನಲ್ಲಿ ಸೇವರ್ ಆನ್ ಮಾಡಬೇಡಿ, ಮಾಡಿದರೆ ಅಲಾರಂ ಬಾರದೆ ಇರಬಹುದು ಎಂದು ದಪ್ಪ ಅಕ್ಷರದಲ್ಲಿತ್ತು. ಮಗಳನ್ನು ಬಿಡಲು ಸಂಭಾಜಿನಗರಕ್ಕೆ ಹೋದಾಗ ಇದನ್ನು ಪಡಸಾಲೆಯಲ್ಲಿ ಎಲ್ಲರೆದುರು ಹೇಳಿದೆ ಎಂದು ನನ್ನ ನೆನಪು. ಅಣ್ಣ ಹೇಳಿಲ್ಲ ಅನ್ನುತ್ತಾನೆ. ಮಗಳು ಹೇಳಿದೆ ಅನ್ನುತ್ತಾಳೆ. ಅತ್ತಿಗೆಗೆ ನೆನಪಿಲ್ಲ.

ಹೊಸ ಬ್ಯಾಟರಿ ಹಾಕಿದ ಮೇಲೂ ಬೆಳಗಿನ ಗೆರೆ ನಿಲ್ಲುವುದು ತಪ್ಪಲಿಲ್ಲ. ಅದು ನನಗೆ ಅರ್ಥವಾಗಲಿಲ್ಲ. ನಾಸಿಕ್‌ನಲ್ಲಿದ್ದಾಗ ಅದೇ ಫೋನು, ಅದೇ ಆ್ಯಪ್, ಸಂಜೆಯವರೆಗೆ ಬಂದಿತ್ತು. ಮುಂದಿನ ಶನಿವಾರ ಸಂಭಾಜಿನಗರಕ್ಕೆ ಹೋಗಿ ಅಣ್ಣನ ಮನೆಯಲ್ಲೇ ಉಳಿದೆ. ಮಗಳು ಫೋನನ್ನು ಪಡಸಾಲೆಯ ಚಾರ್ಜರಿಗೆ ಹಚ್ಚಿ ಬಂದು ಮಲಗಿದಳು. ನಾನು ಅತ್ತಿಗೆಯ ಜೊತೆ ಮೆಂತ್ಯ ಸೊಪ್ಪು ಸೋಸುತ್ತಾ ಕುಳಿತಿದ್ದೆ. ಅಣ್ಣ ಮಲಗುವ ಮುನ್ನ ಮನೆಯಲ್ಲಿ ಒಂದು ಸುತ್ತು ಬಂದ. ಗ್ಯಾಸ್ ನೋಡಿದ. ಮುಂಬಾಗಿಲ ಚಿಲಕ ಎಳೆದು ನೋಡಿದ. ಕೊನೆಗೆ ಪಡಸಾಲೆಗೆ ಬಂದು ಗೋಡೆಯ ಸ್ವಿಚ್ ಆಫ್ ಮಾಡಿದ. ಚಾರ್ಜರು ಅದರಲ್ಲಿಯೇ ಇತ್ತು, ಫೋನು ಚಾರ್ಜರಿನ ತುದಿಗೇ ಇತ್ತು. ನೋಡಿದವರಿಗೆ ಚಾರ್ಜು ಆಗುತ್ತಿದೆ ಅನ್ನಿಸಬೇಕು, ಬೆಳಿಗ್ಗೆ ಅರ್ಧವೇ ತುಂಬಿದ್ದರೆ ಬ್ಯಾಟರಿಯದೇ ದೋಷ ಅನ್ನಿಸಬೇಕು.

"ಅಣ್ಣಾ, ಅದಕ್ಕ ಫೋನ್ ಹಚ್ಚಿದ್ದು ಕಾಣಲಿಲ್ಲೇನು?"

"ಕಂಡದ. ಅದಕ್ಕೇ ಬಂದ್ ಮಾಡ್ದೆ."

"ಎಷ್ಟ್ ದಿನದಿಂದ ಬಂದ್ ಮಾಡ್ಲಕತ್ತಿದಿ?"

"ಈ ಮನಿ ಕಟ್ಟಿದಾಗಿಂದ."

ರಾತ್ರಿ ಪ್ಲಗ್ಗಿನಲ್ಲಿ ಏನೂ ಜೀವಂತ ಇರಕೂಡದು ಎಂಬುದು ಅವನ ಇನ್ನೊಂದು ನಿಯಮ. ಅದಕ್ಕೆ ಕಾರಣವಿತ್ತು. ಅವನ ಉಗ್ರಾಣದಲ್ಲಿ ಒಮ್ಮೆ ಯಾರೋ ಚಾರ್ಜಿಗೆ ಹಾಕಿ ಹೋದ ಫೋನು ಹೊಗೆ ಕಾರಿ, ಪಕ್ಕದ ರಟ್ಟಿನ ಪೆಟ್ಟಿಗೆಗಳಿಗೆ ಬೆಂಕಿ ಹತ್ತಿ, ಇವನೇ ಮರಳು ಸುರಿದು ಆರಿಸಿದ್ದ. ಅದನ್ನು ಆ ರಾತ್ರಿ ಮತ್ತೆ ಹೇಳಿದ. ನಾನು ಮಗಳ ವಿಷಯ ಹೇಳಿದೆ. ಫೋನು ಬೆಳಿಗ್ಗೆ ಅರೆಹೊಟ್ಟೆಯಲ್ಲಿ ಹೊರಡುತ್ತಿರುವುದಕ್ಕೆ ಇದೇ ಕಾರಣ, ಸುಮ್ಮನೆ ಬ್ಯಾಟರಿ ಬದಲಾಯಿಸಿದೆವು ಎಂದೆ.

"ಅಂದ್ರ ನನ್ನ ಮನ್ಯಾಗ ನಾ ಸ್ವಿಚ್ ಬಂದ್ ಮಾಡಬೇಕಾದ್ರೂ ನಿನ್ನ ಕೇಳಬೇಕು?"

"ಆಕಿ ಫೋನಿಂದು ಒಂದು ಸ್ವಿಚ್ ಬಿಡು ಅನ್ಲಕತ್ತೀನಿ, ಅಷ್ಟ."

"ಮನಿ ಸುಟ್ರ ನಾಸಿಕ್ನಿಂದ ಬಂದು ನೀ ಆರಸ್ತಿಯೇನು?"

ಅತ್ತಿಗೆ ಮೆಂತ್ಯದ ಕಡ್ಡಿ ಒಟ್ಟುಗೂಡಿಸುತ್ತಾ, "ಮನಿ ಅವರದದ ತಂಗಿ. ಅವರ ಹೇಳ್ದಂಗ ಆಗ್ಲಿ ಬಿಡ್ರಿ" ಅಂದರು. ಸ್ವಿಚ್ಚು ಆಫ್ ಆಗಿಯೇ ಉಳಿಯಿತು. ಮರುದಿನದಿಂದ ಮಗಳು ಬೇಗ ಎದ್ದು, ಮಾಮಾ ಸ್ನಾನಕ್ಕೆ ಹೋದಾಗ ಫೋನು ಚಾರ್ಜಿಗೆ ಹಾಕಿಕೊಳ್ಳತೊಡಗಿದಳು. ಅವನಿಗೆ ಅದು ಗೊತ್ತಿತ್ತು. ಬೇಡ ಅನ್ನಲಿಲ್ಲ. ಆದರೆ ಬಿಡಕಿನ್‌ಗೆ ಹೋಗುವ ಕಂಪನಿ ಬಸ್ಸಿನಲ್ಲಿ ಜೊತೆಯವರನ್ನು ಕೇಳಿ ಬ್ಯಾಟರಿ ಉಳಿಸುವ ಉಪಾಯಗಳನ್ನು ಕಲಿತುಕೊಂಡು ಬರತೊಡಗಿದ. ರಾತ್ರಿ ಸ್ವಿಚ್ಚು ಬಂದ್ ಆಗಿದ್ದರೂ ಬ್ಯಾಟರಿ ದಿನವಿಡೀ ಬರುತ್ತದೆಂದು ತೋರಿಸುವುದು ಅವನಿಗೆ ಬೇಕಾಗಿತ್ತು ಎಂದು ಅತ್ತಿಗೆ ಆಮೇಲೆ ಹೇಳಿದರು.

ಅಷ್ಟರಲ್ಲಿ ಶ್ರಾವಣ ಬಂತು. ಆ ಮನೆಯಲ್ಲಿ ಶ್ರಾವಣ ಸೋಮವಾರ ಜಂಗಮ ಸ್ವಾಮಿಗಳನ್ನು ಕರೆದು ಪಾದಪೂಜೆ ಮಾಡುವ ಪದ್ಧತಿ ಇದೆ. ಸ್ವಾಮಿಗಳು ಉಂಡ ಮೇಲೆಯೇ ಮನೆಯವರು ಉಣ್ಣುವುದು. ನಮ್ಮ ತಂದೆಯ ಮನೆಯಲ್ಲೂ ಹೀಗೆಯೇ ಇತ್ತು. ಮಗಳ ವಿಷಯ ಏನು ಮಾಡುವುದು ಎಂದು ನಾನು ಮೊದಲೇ ಫೋನಿನಲ್ಲಿ ಕೇಳಿದೆ.

"ಉಪಾಸ ಮಾಡಸೂದಿಲ್ಲ, ಚಿಂತಿ ಮಾಡಬ್ಯಾಡ," ಅಂದ ಅಣ್ಣ. "ಸ್ವಾಮ್ಯಾರಿಗಿ ಮುಂಜಾನೆ ಲಗೂನ ಬರ್ರಿ ಅಂತ ಹೇಳೀನಿ. ಆಕಿ ನಾಷ್ಟಾ ಹೊತ್ತಿಗೇ ಊಟ ಆಗ್ತದ."

"ತಡ ಆದ್ರ?"

"ಆಗಂಗಿಲ್ಲ."

"ತಡ ಆದ್ರ ಆಕಿಗಿ ಮೊದಲ ಕೊಟ್ಟುಬಿಡು ಅಣ್ಣಾ."

"ಸ್ವಾಮ್ಯಾರಕಿಂತ ಮೊದಲ ಉಣ್ಣೂದು ನಮ್ಮನ್ಯಾಗ ಆಗ್ಯಾದೇನು ಯಾವಾಗರೆ? ತಡ ಆಗಂಗಿಲ್ಲ ಅಂದೆಲ್ಲ."

ಮೊದಲ ಸೋಮವಾರ ತಡವಾಗಲಿಲ್ಲ. ಸ್ವಾಮಿಗಳು ಹೇಳಿದ ಹೊತ್ತಿಗೆ ಬಂದರು, ಹುಗ್ಗಿ ಉಂಡರು, ಮಗಳೂ ಉಂಡು ಕಾಲೇಜಿಗೆ ಹೋದಳು. ಅಣ್ಣ ಸಂಜೆ ನನಗೆ ಫೋನು ಮಾಡಿ, "ಏನಾತು ಈಗ? ಸತ್ಳೇನು ನಿನ್ನ ಮಗಳು?" ಅಂದ. ಅದನ್ನು ಅವನು ತಮಾಷೆಗೆ ಹೇಳಿದ್ದು.

ಎರಡನೇ ಸೋಮವಾರ ಅಣ್ಣ ರಜೆ ಹಾಕಿದ್ದ. ಮಗಳು ಎಂದಿನಂತೆ ಅವನು ಸ್ನಾನಕ್ಕೆ ಹೋದಾಗ ಫೋನು ಚಾರ್ಜು ಮಾಡಿಕೊಂಡಳು. ಸ್ವಾಮಿಗಳು ಫೋನು ಮಾಡಿ ಚಿಕಲಠಾಣಾ ದಾಟಿದೆ, ಬಂದೇ ಬಿಟ್ಟೆ ಅಂದರು. ಅಲ್ಲಿಂದ ಮನೆ ದೂರವಿಲ್ಲ. ಅಣ್ಣ ಒಳಗೆ ಕೂಗಿ ಹೇಳಿದ, "ಬಂದ್ರು, ತಯಾರಾಗ್ರಿ." ಮಗಳು ಫೋನಿನಲ್ಲಿ ಅಂಕಿ ನೋಡಿದಳು, ಸರಿಯಾಗಿತ್ತು. ಊಟ ಇನ್ನೇನು ಸಿಗುತ್ತದೆಂದು ಇನ್ಸುಲಿನ್ ಚುಚ್ಚಿಕೊಂಡಳು. ಆಮೇಲೆ ಫೋನನ್ನು ಬುಟ್ಟಿಯಲ್ಲಿಟ್ಟು ದೇವರ ಕೋಣೆಗೆ ಬಂದಳು.

ಸ್ವಾಮಿಗಳಿಗೆ ದಾರಿಯಲ್ಲಿ ಇನ್ನೊಬ್ಬ ಭಕ್ತರ ಮನೆಯವರು ಸಿಕ್ಕಿ ಒಳಗೆ ಕರೆದುಕೊಂಡು ಹೋದರು. ಶ್ರಾವಣದಲ್ಲಿ ಇಲ್ಲ ಅನ್ನುವಂತಿಲ್ಲ. ಅಲ್ಲಿಯೂ ಪಾದಪೂಜೆ ನಡೆಯಿತು. ತಡವಾಗುತ್ತದೆಂದು ಹೇಳಲು ಅವರು ಅಣ್ಣನಿಗೆ ಫೋನು ಮಾಡಿದರು. ಅಣ್ಣನ ಫೋನು ಬುಟ್ಟಿಯಲ್ಲಿ ಶಬ್ದವಿಲ್ಲದೆ ಮಿನುಗಿತು.

ಅಣ್ಣ ಕಾಯುವ ಹೊತ್ತನ್ನು ವ್ಯರ್ಥ ಮಾಡಬಾರದೆಂದು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಅಲಾರಂ ಬಾರಿಸಿಲ್ಲ, ಆದ್ದರಿಂದ ಇನ್ನೂ ಹೊತ್ತಿದೆ ಎಂದುಕೊಂಡೆ ಎಂದು ಅವಳು ಹೇಳುತ್ತಾಳೆ. ಅದಾದ ಮೇಲಿನದು ಅವಳಿಗೆ ನೆನಪಿಲ್ಲ. ಅತ್ತಿಗೆ ಬಿಲ್ವಪತ್ರೆ ಕೇಳಿದಾಗ ಅವಳು ಹೂವಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನಕ್ಕಳಂತೆ. ಅಣ್ಣ ಕಣ್ಣು ತೆರೆಯದೆ, "ಪೂಜಾದಾಗ ಚ್ಯಾಷ್ಟಿ ಮಾಡಬ್ಯಾಡ" ಅಂದ. ಅವಳು ಮರಾಠಿಯಲ್ಲಿ ಏನೋ ತೊದಲಿದಳು. ನಂತರ ಪಕ್ಕಕ್ಕೆ ವಾಲಿ ಬಿದ್ದಳು.

ಅಭಿಷೇಕಕ್ಕೆಂದು ತೆಗೆದಿಟ್ಟ ಜೇನುತುಪ್ಪದ ಬಟ್ಟಲು ಮಂಟಪದ ಮುಂದಿತ್ತು. ಅತ್ತಿಗೆ ಅದಕ್ಕೆ ಬೆರಳು ಅದ್ದಿ ಮಗಳ ಒಸಡಿಗೆ ಸವರಿದರು, ಮತ್ತೆ ಅದ್ದಿ ಮತ್ತೆ ಸವರಿದರು. "ಇನ್ನಾ ಎಡಿ ಆಗಿಲ್ಲ!" ಎಂದು ಅಣ್ಣ ಕೂಗಿದ ಎಂಬುದು ಅತ್ತಿಗೆಯ ಮಾತು. ದೇವರಿಗೆ ತೋರಿಸುವ ಮೊದಲು ಮುಟ್ಟಬಾರದು ಎಂದು ಅದರ ಅರ್ಥ. ತಾನು ಹಾಗೆ ಕೂಗಲೇ ಇಲ್ಲ ಅನ್ನುತ್ತಾನೆ ಅಣ್ಣ. ನೀವು ಏನಂದಿರಿ ಎಂದು ಅತ್ತಿಗೆಯನ್ನು ಕೇಳಿದೆ. "ನಾ ಏನ್ ಅನ್ಲಿ? ಕೈ ಖಾಲಿ ಇದ್ದಿಲ್ಲ" ಅಂದರು.

ಪಕ್ಕದ ಮನೆಯವರ ಕಾರಿಗೆ ಅವಳನ್ನು ಎತ್ತಿ ಹಾಕುವಾಗ ಸ್ವಾಮಿಗಳು ಗೇಟಿನ ಹತ್ತಿರ ಬಂದು ನಿಂತರು. ವಿಷಯ ಕೇಳಿ ಅವರು ಅಣ್ಣನಿಗೆ ಹೇಳಿದ ಮಾತನ್ನು ಮೂವರಲ್ಲಿ ಇಬ್ಬರು ಒಂದೇ ರೀತಿ ಹೇಳಿದ್ದಾರೆ. ಮೂರನೆಯವಳಿಗೆ ಆಗ ಪ್ರಜ್ಞೆ ಇರಲಿಲ್ಲ. "ಫೋನ್ ಎತ್ತಿದ್ರ ಕೂಸಿಗಿ ಮೊದಲ ಉಣಸ್ರಿ ಅಂತ ನಾನ ಹೇಳ್ತಿದ್ದೆಲ್ಲ್ರಿ." ಅವರು ಉಣ್ಣದೆ ಹಿಂದಿರುಗಿದರು.

ದಿಂಡೋರಿಯಲ್ಲಿ ನನ್ನ ಫೋನಿನ ಗೆರೆ ಸರಿಯಾದ ಅಂಕಿಯ ಮೇಲೆ ನಿಂತಿತ್ತು. ಬ್ಯಾಟರಿ ಎಂದುಕೊಂಡೆ. ಪೂಜೆಯ ದಿನವಾದ್ದರಿಂದ ಅಣ್ಣನಿಗೂ ಅತ್ತಿಗೆಗೂ ಫೋನು ಮಾಡಿದೆ, ಇಬ್ಬರೂ ಎತ್ತಲಿಲ್ಲ. ಸೋಮವಾರದ ಬ್ಯಾಂಕು ಸಾಲ ಕೇಳಲು ಬಂದ ದ್ರಾಕ್ಷಿ ಬೆಳೆಗಾರರಿಂದ ತುಂಬಿತ್ತು. ಮತ್ತೆ ಫೋನು ನೋಡುವಷ್ಟರಲ್ಲಿ ಅದೇ ಬಾರಿಸಿತು. ಅತ್ತಿಗೆ ಆಸ್ಪತ್ರೆಯಿಂದ ಮಾತಾಡುತ್ತಿದ್ದರು.

"ಕಣ್ಣ ತೆರದಾಳ. ನೀವು ಬರ್ರಿ."

ಆ ದಿನ ಶ್ರಾವಣ ಸೋಮವಾರದ ದರ್ಶನಕ್ಕೆ ತ್ರ್ಯಂಬಕೇಶ್ವರಕ್ಕೆ ಹೋಗುವ ಜನ ನಾಸಿಕ್ ತುಂಬಿದ್ದರು. ಬಾಡಿಗೆ ಕಾರು ಯಾವುದೂ ಸಿಗಲಿಲ್ಲ. ಎಸ್.ಟಿ. ಬಸ್ಸಿನಲ್ಲಿ ಯೇವಲಾ, ವೈಜಾಪುರದ ಮೇಲೆ ಹೋದೆ. ದಾರಿಯಲ್ಲಿ ನನ್ನ ಫೋನಿನ ಬ್ಯಾಟರಿ ಇಳಿದು, ಸೇವರ್ ಆನ್ ಮಾಡಲೇ ಎಂದು ಫೋನು ತಾನೇ ಕೇಳಿತು. ಬೇಡ ಎಂದು ಒತ್ತಿದೆ.

ಆಸ್ಪತ್ರೆಯಲ್ಲಿ ಮಗಳ ಕೈಗೆ ಗ್ಲೂಕೋಸ್ ಹಚ್ಚಿದ್ದರು. ನನ್ನನ್ನು ನೋಡಿ ಮೊದಲು ಹೇಳಿದ್ದು, "ಆಯಿ, ವಾಜಲಾಚ್ ನಾಹೀ." ಬಾರಿಸಲೇ ಇಲ್ಲ. ನಾನು ಹೊರಗೆ ಬಂದೆ. ಅಣ್ಣ ಬೆಂಚಿನ ಮೇಲೆ, ಹಣೆಯ ವಿಭೂತಿಯ ಜೊತೆಗೇ ಕೂತಿದ್ದ. ಅವಳ ಫೋನು ಅವನ ಕೈಯಲ್ಲಿತ್ತು.

"ನೋಡು," ಎಂದು ತೆರೆಯನ್ನು ನನ್ನ ಕಡೆ ತಿರುಗಿಸಿದ. "ಬ್ಯಾಟರಿ ಇನ್ನಾ ಅರ್ಧದ ಮ್ಯಾಲ ಅದ. ಬ್ಯಾಟರಿ ಇದ್ದೂ ಒದರಲಿಲ್ಲ ಅಂದ್ರ ನಿಮ್ಮ ಯಂತ್ರನೇ ಸುಳ್ಳು. ಇದನ್ನ ನಂಬಿ ನನ್ನ ಮನ್ಯಾಗ ಹುಡುಗಿ ಬಿಟ್ಟಿದ್ರಿ."

ನಾನು ಫೋನು ತೆಗೆದುಕೊಂಡೆ. ಬ್ಯಾಟರಿಯ ಗುರುತು ಹಳದಿ ಬಣ್ಣದ್ದಾಗಿತ್ತು. ಸೇವರ್ ಆನ್ ಆಗಿತ್ತು.

"ಇದು ಯಾರು ಹಾಕಿದ್ದು?"

"ನಾನ. ಪೂಜಾಕ್ಕ ಕೂಡೂ ಮೊದಲ ನನ್ನ ಫೋನ್ ಬುಟ್ಟ್ಯಾಗ ಇಡೂವಾಗ ಆಕಿಂದು ನೋಡಿ ಹಾಕೀನಿ. ಲಾಕ್ ತೆಗಿಯೂದೂ ಬ್ಯಾಡ, ಮ್ಯಾಲಿಂದ ಎಳದು ಒತ್ತಿದ್ರ ಆತು. ನಮ್ಮ ಬಸ್ಸಿನಾಗ ಎಲ್ಲಾರೂ ಹಂಗ ಮಾಡ್ತಾರ. ಬ್ಯಾಟರಿ ಬ್ಯಾಟರಿ ಅಂತ ತಾಯಿ ಮಗಳು ಅಳ್ತಿದ್ರೆಲ್ಲ? ಉಳದದ ನೋಡು."

"ಹೌದ್ರಿ. ಬ್ಯಾಟರಿ ಉಳದದ."

ಹುಟ್ಟಿದಾಗಿನಿಂದ ನಾನು ಅವನಿಗೆ 'ನೀ' ಅನ್ನುತ್ತಿದ್ದವಳು. ಅಲ್ಲಿಂದ ಮುಂದೆ ಅಂದಿಲ್ಲ. ಸೇವರ್ ಹಾಕಿದರೆ ಅಲಾರಂ ನಿಲ್ಲುತ್ತದೆ ಎಂದು ಹೇಳಿದೆ. ಇದನ್ನು ಜುಲೈಯಲ್ಲೇ ನಿಮ್ಮ ಪಡಸಾಲೆಯಲ್ಲಿ ಹೇಳಿದ್ದೆ ಎಂದೂ ಹೇಳಿದೆ.

"ಇಲ್ಲ. ನನಗ ಯಾರೂ ಹೇಳಿಲ್ಲ."

"ನಾ ಹೇಳೀನ್ರಿ."

"ಹೇಳಿಲ್ಲ. ಏ, ಹೇಳ್ಯಾಳೇನು ಈಕಿ?"

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಅವರ ಸೆರಗಿನಲ್ಲಿ ಜೇನಿನ ಕಲೆ ಹಾಗೇ ಇತ್ತು. "ನಂಗ ನೆನಪಿಲ್ಲ," ಅಂದರು.

ಅಣ್ಣ ಎದ್ದ. ಪೂಜೆ ಅರ್ಧಕ್ಕೆ ನಿಂತಿದೆ, ಮುಗಿಸಬೇಕು ಎಂದು ಹೇಳಿ ಮನೆಗೆ ಹೋದ. ಮಗಳಿದ್ದ ಕೋಣೆಯೊಳಗೆ ಅವನು ಬರಲಿಲ್ಲ.

ಮರುದಿನ ಸಂಜೆ ಅವಳನ್ನು ಬಿಟ್ಟರು. ನಾನು ಆಸ್ಪತ್ರೆಯಿಂದ ನೇರವಾಗಿ ಹಾಸ್ಟೆಲಿಗೆ ಹೋಗಿ ಜಾಗ ಕೇಳಿಕೊಂಡು, ಆಮೇಲೆ ಸಾಮಾನು ತರಲು ಅಣ್ಣನ ಮನೆಗೆ ಹೋದೆ. ಅವನು ಪಡಸಾಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ. ಮಗಳ ಪುಸ್ತಕ, ಬಟ್ಟೆ, ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಎಲ್ಲವನ್ನೂ ನಾನೂ ಅತ್ತಿಗೆಯೂ ಚೀಲಕ್ಕೆ ತುಂಬಿದೆವು. ಚಾರ್ಜರು ಗೋಡೆಯಲ್ಲೇ ಇತ್ತು. ಅಣ್ಣ ಎದ್ದು ಅದನ್ನು ಕಿತ್ತು, ಎರಡು ಬೆರಳಲ್ಲಿ ಹಿಡಿದು ನನ್ನ ಚೀಲದೊಳಗೆ ಬಿಟ್ಟ.

"ಹೋಗೋರು ಹೋಗ್ರಿ. ಮಂದಿಗಿ ಏನ್ ಹೇಳಬೇಕು ಅದನ್ನೂ ನೀವ ಹೇಳ್ರಿ. ಮಾಮಾ ಕೊಲ್ಲಲಿಕ್ಕ ಹೋಗಿದ್ದ ಅಂತ ಹೇಳ್ರಿ."

"ನಾ ಏನೂ ಹೇಳಂಗಿಲ್ರಿ. ಕೇಳಿದ್ರ ಆದದ್ದು ಹೇಳ್ತೀನಿ."

"ಆದದ್ದು! ನಿನ್ನ ಬ್ಯಾಂಕಿನ ಸಾಹೇಬಿಕಿ ನನ್ನ ಮುಂದ ಬ್ಯಾಡ."

ಅತ್ತಿಗೆ ಗೇಟಿನವರೆಗೆ ಬಂದರು. ರಿಕ್ಷಾ ಹತ್ತುವಾಗ, "ಹಾಸ್ಟೆಲ್ನಾಗ ರಾತ್ರಿ ಪ್ಲಗ್ ಬಂದ್ ಮಾಡ್ತಾರೇನು ಕೇಳೀರಿಲ್ಲೋ?" ಅಂದರು. ಅದು ಚುಚ್ಚುಮಾತೋ ಅಲ್ಲವೋ ಗೊತ್ತಾಗಲಿಲ್ಲ. ನಾನು ಕೇಳಿರಲಿಲ್ಲ. ಆ ಸಂಜೆ ವಾರ್ಡನ್‌ಗೆ ಕೇಳಿದೆ. ದೀಪ ಮಾತ್ರ ಆರಿಸುತ್ತೇವೆ, ಪ್ಲಗ್ ಇರುತ್ತದೆ ಅಂದರು.

ರಾಖಿ ಹುಣ್ಣಿಮೆಗೆ ನಾನು ರಾಖಿ ಕಳಿಸಲಿಲ್ಲ. ಅವನು ಕೇಳಲಿಲ್ಲ. ಊರಿನಿಂದ ಚಿಕ್ಕಮ್ಮ ಫೋನು ಮಾಡಿ, "ಒಂದ್ ಮೊಬೈಲಿನ ಸಲಾಗಿ ಒಡಹುಟ್ಟಿದವನಿಗಿ ಬಿಟ್ಯಾ?" ಎಂದು ಕೇಳಿದಳು. ಅಣ್ಣ ಹಾಗೆ ಹೇಳಿದ್ದಾನೆ ಎಂದು ಅದರಿಂದ ತಿಳಿಯಿತು. ಆದದ್ದನ್ನು ಹೇಳಿದೆ. ಅವಳು ಪೂರ್ತಿ ಕೇಳಿ, "ಅವನರೆ ಛಲೋಕ್ಕ ಮಾಡ್ಯಾನ" ಅಂದಳು. ಒಳ್ಳೆಯದಕ್ಕೆ ಮಾಡಿದ್ದಾನೆ ಎಂಬುದನ್ನು ನಾನು ಅಲ್ಲಗಳೆದಿಲ್ಲ. ಹಾಗೆಂದು ಅವಳಿಗೂ ಹೇಳಿದೆ.

ದಸರೆಯ ದಿನ ಹಿರಿಯರಿಗೆ ಬನ್ನಿ ಕೊಡಲು ಮಗಳು ತಾನೇ ಮಾಮಾನ ಮನೆಗೆ ಹೋದಳು. ನನ್ನನ್ನು ಕೇಳಲಿಲ್ಲ, ಹೋಗಿ ಬಂದ ಮೇಲೆ ಹೇಳಿದಳು. ಅವನು ಬನ್ನಿ ತೆಗೆದುಕೊಂಡ. ಅತ್ತಿಗೆ ಊಟಕ್ಕೆ ಬಡಿಸಿದರು. ಅವಳು ಕೂರುವಾಗ ಫೋನನ್ನು ತಾಟಿನ ಪಕ್ಕದಲ್ಲಿಟ್ಟುಕೊಂಡಳು.

"ಬುಟ್ಟಿ ಅಲ್ಲಿ ಅದ," ಅಂದ ಅಣ್ಣ.

"ಗೊತ್ತದ ಮಾಮಾ," ಎಂದು ಅವಳು ಕನ್ನಡದಲ್ಲೇ ಹೇಳಿದಳಂತೆ. ಫೋನು ಅಲ್ಲೇ ಇತ್ತು. ಅವನು ತನ್ನ ತಾಟು ಹತ್ತಿರ ಎಳೆದುಕೊಂಡು ಉಣ್ಣತೊಡಗಿದ.

ಸಕ್ಕರೆಯ ಆ್ಯಪ್‌ನಲ್ಲಿ, ತನ್ನ ಅಲಾರಂ ಇನ್ನೂ ಯಾರ ಯಾರ ಫೋನಿಗೆ ಹೋಗಬೇಕೆಂದು ಅವಳೇ ಗೊತ್ತುಮಾಡಬಹುದು. ಅವರಿಗೊಂದು ಆಹ್ವಾನ ಹೋಗುತ್ತದೆ, ಅವರು ಒಪ್ಪಿಗೆ ಒತ್ತಬೇಕು. ಆ ಸಂಜೆ ಹಾಸ್ಟೆಲಿಗೆ ಹಿಂದಿರುಗಿ ಅವಳು ಅಣ್ಣ ಅತ್ತಿಗೆ ಇಬ್ಬರಿಗೂ ಆಹ್ವಾನ ಕಳಿಸಿದಳು. ಅತ್ತಿಗೆ ಅದೇ ದಿನ ಒಪ್ಪಿಗೆ ಒತ್ತಿದರು. ಅಣ್ಣನ ನಂಬರಿನ ಮುಂದೆ ನಿನ್ನೆ ಸಂಜೆಯವರೆಗೂ 'ಉತ್ತರ ಬಂದಿಲ್ಲ' ಎಂದೇ ಇತ್ತು.